ಆಷಾಢದ ಮಳೆಗೆ ಹೊಲಿಯದ ಜಾಕೆಟ್

ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಕೊಡೆ ಹಿಡಿದವರನ್ನು ಕಂಡರೆ ಹೊರಗಿನವರು ಅಂತ ಗೊತ್ತಾಗಿಬಿಡುತ್ತದೆ. ಊರಿನವರು ಜಾಕೆಟ್ಟಿನ ಟೊಪ್ಪಿ ಎಳೆದುಕೊಂಡು ನಡೆಯುತ್ತಾರೆ, ಅಷ್ಟೆ. ಅಕ್ಟೋಬರಿನಲ್ಲಿ ಹಿಡಿದ ಮಳೆ ಮೇ ತನಕ ಜಿಟಿಜಿಟಿ ಅನ್ನುತ್ತಲೇ ಇರುತ್ತದೆ. ಇಡೀ ವರ್ಷದ್ದು ಕೂಡಿಸಿದರೆ 900 ಮಿಲಿಮೀಟರ್ ಚಿಲ್ಲರೆ. ಶಿರಸಿ ಕಡೆಯವರಿಗೆ ಹೇಳಿದರೆ ನಗುತ್ತಾರೆ. ನಮ್ಮಲ್ಲಿ ಅಷ್ಟು ಮಳೆ ಒಂದು ಜುಲೈ ತಿಂಗಳಲ್ಲೇ ಬೀಳುವುದುಂಟು.

ಆದರೂ ಮಳೆ ಜಾಕೆಟ್ಟಿನ ದೊಡ್ಡ ವ್ಯಾಪಾರ ಇರುವುದು ಅಲ್ಲಿ. ನೈಕಿಯ ಮುಖ್ಯ ಕಚೇರಿ ಪಕ್ಕದ ಬೀವರ್ಟನ್‌ನಲ್ಲಿದೆ. ಕೊಲಂಬಿಯಾ ಅನ್ನುವ ಜಾಕೆಟ್ ಕಂಪನಿ ಕೂಡ ಆ ಸುತ್ತಿನದೇ. ಅಡಿಡಾಸ್‌ನ ಉತ್ತರ ಅಮೆರಿಕದ ಕಚೇರಿಯೂ ಪೋರ್ಟ್‌ಲ್ಯಾಂಡಿನಲ್ಲೇ ಇದೆ. ಇವರ ಅಕ್ಕಪಕ್ಕ ಸಣ್ಣಪುಟ್ಟ ಕಂಪನಿಗಳು ಹುಟ್ಟಿಕೊಂಡಿವೆ. ಅಂಥದ್ದೊಂದರಲ್ಲಿ ನಾನು ಪ್ರಾಡಕ್ಟ್ ಮ್ಯಾನೇಜರ್. ಓಡುವವರು, ಬೆಟ್ಟ ಹತ್ತುವವರು ಮಳೆಯಲ್ಲಿ ಹಾಕಿಕೊಳ್ಳುವ ಬಟ್ಟೆ ನನ್ನ ಪಾಲಿಗೆ ಬಂದದ್ದು.

ಊರಿಗೆ ಬಂದಾಗಲೆಲ್ಲ ಅತ್ತೆಯ ವಿಚಾರಣೆ ಇದ್ದದ್ದೇ.

"ನೀ ಹೊಲಿತ್ಯನೇ ಕೂಸೇ?"

"ಇಲ್ಲೆ ಅತ್ತೆ."

"ಚಿತ್ರ ಬರೆತ್ಯಾ?"

"ಅದಕ್ಕೆ ಡಿಸೈನರ್ ಬೇರೆ ಇದ್ದ."

"ಮಾರ್ತ್ಯಾ?"

"ಅದೂ ಇಲ್ಲೆ."

"ಹಂಗಾರೆ ಸಂಬಳ ಎಂತಕ್ಕೆ ಕೊಡ್ತ?"

ಕೇಳಿದ್ದರಲ್ಲಿ ತಪ್ಪೇನಿಲ್ಲ. ನನ್ನ ಕೆಲಸ ಅಂದರೆ ಯಾವ ಬಟ್ಟೆ ಮಾಡಬೇಕು, ಯಾರಿಗೆ, ಎಷ್ಟಕ್ಕೆ ಅಂತ ತೀರ್ಮಾನ ಮಾಡುವುದು. ಅದೂ ಅಂಗಡಿಗೆ ಬರುವ ಒಂದೂವರೆ ವರ್ಷ ಮೊದಲೇ. ಡಿಸೈನರ್‌ಗೆ ಮೂರು ಜೇಬು ಬೇಕು, ಲೆಕ್ಕದವರಿಗೆ ಒಂದೂ ಬೇಡ, ವಿಯೆಟ್ನಾಂನ ಕಾರ್ಖಾನೆಯವರಿಗೆ ಜಿಪ್ ಯಾವುದು ಅಂತ ಇವತ್ತೇ ಗೊತ್ತಾಗಬೇಕು. ಮೂವರ ಮಧ್ಯೆ ನಿಂತು ಹೆಚ್ಚಿನ ದಿನ ನಾನು ಹೇಳುವುದು "ಬೇಡ" ಅಂತಲೇ. ಅಂಗಡಿಯಲ್ಲಿ 120 ಡಾಲರ್ ಚೀಟಿ ಇರುವ ಜಾಕೆಟ್ ಅಂಗಡಿಯವನಿಗೆ ಹೋಗುವುದು ಸಾಮಾನ್ಯವಾಗಿ ಅದರ ಅರ್ಧಕ್ಕೆ. ಆ ಅರ್ಧದಲ್ಲೇ ಬಟ್ಟೆ, ಹೊಲಿಗೆ, ಹಡಗು, ಸುಂಕ, ಆಫೀಸಿನ ಬಾಡಿಗೆ, ನನ್ನ ಸಂಬಳ ಎಲ್ಲ.

ಸುಂಕದ್ದೇ ಒಂದು ಪುರಾಣ ಇದೆ. ಹೆಚ್ಚುವರಿ ಸುಂಕಗಳ ಗಲಾಟೆ ಬಿಟ್ಟು ಮೂಲ ದರವನ್ನಷ್ಟೇ ನೋಡಿದರೂ, ಅಮೆರಿಕದಲ್ಲಿ ಹತ್ತಿ ಟೀಶರ್ಟಿಗೆ ಶೇ. 16.5, ಪಾಲಿಯೆಸ್ಟರ್ ಟೀಶರ್ಟಿಗೆ ಶೇ. 32. ಹೆಂಗಸರ ಶರ್ಟಿಗೆ ಸೊಂಟದಿಂದ ಕೆಳಗೆ ಒಂದು ಜೇಬು ಇಟ್ಟರೆ ಸುಂಕದ ಪುಸ್ತಕದಲ್ಲಿ ಅದು ಬ್ಲೌಸಿನ ಸಾಲು ಬಿಟ್ಟು ಬೇರೆ ಸಾಲಿಗೆ ಹೋಗುತ್ತದೆ, ದರವೂ ಬದಲಾಗುತ್ತದೆ. ಏನೂ ಹಿಡಿಸದ ಒಂದು ಪುಟ್ಟ ಜೇಬು ಕೆಲವು ಶರ್ಟುಗಳಲ್ಲಿ ಯಾಕಿರುತ್ತದೆ ಅಂತ ಈಗ ಗೊತ್ತಾಯಿತಲ್ವಾ? ಇದನ್ನು ಹೇಳಿದ ಮೇಲೆ ಅತ್ತೆಗೆ ನನ್ನ ಕೆಲಸದ ಮೇಲೆ ಸ್ವಲ್ಪ ಗೌರವ ಬಂತು.

ಸರಿ, ಮಳೆಗೆ ಬರೋಣ. ಜಾಕೆಟ್ಟಿಗೆ ಎರಡು ಅಂಕೆ ಇರುತ್ತವೆ. ಒಂದು, ನೀರು ತಡೆಯುವ ಅಂಕೆ. 10,000 ಮಿಲಿಮೀಟರ್ ಅಂತ ಬರೆದಿದ್ದರೆ ಬಟ್ಟೆಯ ಮೇಲೆ ಹತ್ತು ಮೀಟರ್ ಎತ್ತರದ ನೀರಿನ ಒತ್ತಡ ಬಿದ್ದರೂ ಸೋರುವುದಿಲ್ಲ ಎಂದರ್ಥ. ಇನ್ನೊಂದು, ಬೆವರಿನ ಆವಿ ಹೊರಗೆ ಬಿಡುವ ಅಂಕೆ. 24 ಗಂಟೆಯಲ್ಲಿ ಒಂದು ಚದರ ಮೀಟರ್ ಬಟ್ಟೆಯಿಂದ ಎಷ್ಟು ಗ್ರಾಂ ಆವಿ ಆಚೆ ಹೋಯಿತು ಅನ್ನುವ ಲೆಕ್ಕ. ಮೊದಲನೆಯದನ್ನು ನಂಬಬಹುದು. ಎರಡನೆಯದು ನಮ್ಮ ಊರಿನ ಮಟ್ಟಿಗೆ ಸುಮ್ನೆ ಬರೆದದ್ದು ಅಂದರೂ ನಡೆಯುತ್ತದೆ.

ಯಾಕೆಂದರೆ ಆವಿ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗೆ ಆವಿಯ ಒತ್ತಡ ಜಾಸ್ತಿ, ಹೊರಗೆ ಕಡಿಮೆ ಇದ್ದರೆ ಮಾತ್ರ ಹೋಗುತ್ತದೆ. ಪೋರ್ಟ್‌ಲ್ಯಾಂಡಿನ ಚಳಿಗಾಲದಲ್ಲಿ ಹೊರಗೆ ಏಳೆಂಟು ಡಿಗ್ರಿ ಸೆಲ್ಸಿಯಸ್. ಅಷ್ಟು ತಣ್ಣನೆ ಗಾಳಿ ಹಿಡಿದುಕೊಳ್ಳುವ ಆವಿಯೇ ಕಡಿಮೆ, ಹಾಗಾಗಿ ಮೈಯ ಬೆವರು ಸಲೀಸಾಗಿ ಆಚೆ ಹೋಗುತ್ತದೆ. ನಮ್ಮ ಆಷಾಢದಲ್ಲಿ 24 ಡಿಗ್ರಿ, ಗಾಳಿಯೆಲ್ಲ ನೀರೇ. ಲೆಕ್ಕ ಹಾಕಿದರೆ ಬೆವರನ್ನು ಹೊರಗೆ ತಳ್ಳುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಟ್ಟೆ ಪರೀಕ್ಷೆ ಮಾಡುವ ಕೋಣೆಯ ಹವೆಗೂ ಒಂದು ನಿಯಮ ಇದೆ: 20 ಡಿಗ್ರಿ ಉಷ್ಣತೆ, ಶೇ. 65 ತೇವಾಂಶ. ಬೇಗ ಒಣಗುವ ಬಟ್ಟೆ ಅಂತ ಚೀಟಿ ಹಚ್ಚುವುದಕ್ಕೂ ಅಂಥ ಹವೆಯೇ ಆಧಾರ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಥ ಹವೆ ನಮ್ಮನೆ ಅಂಗಳದಲ್ಲಿ ಎಲ್ಲಿಂದ ಬರಬೇಕು?

ಇದೆಲ್ಲ ಕಾಗದದ ಮೇಲೆ ಗೊತ್ತಿತ್ತು. ಕಣ್ಣಾರೆ ಕಂಡದ್ದು ಕಳೆದ ಮಳೆಗಾಲದ ರಜೆಯಲ್ಲಿ. ಹಳೇ ಸೀಸನ್ನಿನ ಒಂದು ಸ್ಯಾಂಪಲ್ ಜಾಕೆಟ್ ತಂದಿದ್ದೆ. ಒಳಗೆ ಅಳಿಸದ ಶಾಯಿಯಲ್ಲಿ "ಮಾರಾಟಕ್ಕಲ್ಲ" ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಮಾರಲಾಗದ ಸ್ಯಾಂಪಲ್ಲಿಗೆ ಸುಂಕ ಇಲ್ಲ, ಅದಕ್ಕೇ ಹಾಗೆ ಬರೆಯುತ್ತಾರೆ. ಅಪ್ಪಯ್ಯ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಅಡಿಕೆ ಮರ ಹತ್ತುವ ಕೊನೆಗೌಡನಿಗೆ ಕೊಟ್ಟರು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮದ್ದು ಹೊಡೆಯುವ ಸಮಯ. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ. ಮಳೆ ಹೊಳವಾದ ಹೊತ್ತು ನೋಡಿ ಮರ ಹತ್ತಬೇಕು, ಮೇಲಿರುವಾಗ ಮತ್ತೆ ಮಳೆ ಬಂದರೆ ನೆನೆಯಬೇಕು.

ಎರಡು ಮರ ಹತ್ತಿ ಇಳಿಯುವಷ್ಟರಲ್ಲಿ ಆತ ಮುಂದಿನ ಜಿಪ್ ಪೂರ್ತಿ ತೆಗೆದಿದ್ದ. ತೋಳನ್ನು ಮೊಣಕೈ ಮೇಲಕ್ಕೆ ಸುತ್ತಿದ್ದ. ಜಾಕೆಟ್ಟಿನ ಟೊಪ್ಪಿ ಬೆನ್ನಿಗೆ ಬಿದ್ದಿತ್ತು, ತಲೆ ಮೇಲೆ ಎಂದಿನ ಅಡಿಕೆ ಹಾಳೆಯ ಟೊಪ್ಪಿ. "ತಂಗೀ, ಮೇಲಿನ ಮಳೆ ಒಳಗೆ ಬರೂದಿಲ್ಲ. ಒಳಗೇ ಬೇರೆ ಮಳೆ ಬತ್ತದೆ" ಅಂದ. ಕೈ ಹಾಕಿ ನೋಡಿದೆ. ಕಂಕುಳ ಹತ್ತಿರ ಹೊಲಿಗೆ ಮೇಲೆ ಅಂಟಿಸಿದ ಟೇಪಿನ ಗುಂಟ ನೀರು ಹನಿ ಕಟ್ಟಿತ್ತು. ಎಲ್ಲ ಬೆವರು. ಪಂಪಿನ ಪೈಪು ಉಜ್ಜಿದ ಹೆಗಲ ಮೇಲೆ ಬಟ್ಟೆ ನೀರು ಕುಡಿದು ಕಪ್ಪಗಾಗಿತ್ತು, ಸುತ್ತ ಮೈಲುತುತ್ತದ ನೀಲಿ ಕಲೆ.

ಜಾಕೆಟ್ಟಿನ ಟೊಪ್ಪಿ ಯಾಕೆ ತೆಗೆದೆ ಅಂತ ಕೇಳಿದೆ. ಮಾತಾಡದೆ ಅದನ್ನು ಹಾಕಿಕೊಂಡು ಅಡಿಕೆ ಕೊನೆ ನೋಡುವ ಹಾಗೆ ತಲೆ ಮೇಲೆತ್ತಿದ. ಟೊಪ್ಪಿಯ ಅಂಚು ಹಣೆ ಬಿಟ್ಟು ಹಿಂದಕ್ಕೆ ಸರಿಯಿತು, ಕೊರಳ ಹತ್ತಿರ ಎರಡು ಬೆರಳು ಹೋಗುವಷ್ಟು ಸಂದಿ ಬಿತ್ತು, ಮರದ ನೀರೆಲ್ಲ ಸೀದಾ ಎದೆಗೆ. ನಾವು ಅದನ್ನು ಕತ್ತರಿಸಿದ್ದು ಮುಂದೆ ನೋಡಿ ಓಡುವವನಿಗೆ. ಮೇಲೆ ನೋಡುವವನು ಲೆಕ್ಕದಲ್ಲೇ ಇರಲಿಲ್ಲ.

ಬೆನ್ನ ಮೇಲೆ ಹೊರುವ, ಬಿದಿರು ಎಲೆಯಲ್ಲಿ ಹೆಣೆದ ಹಳೇ ಗೊರಬೇ ಸರಿ ಅನ್ನುವವರು ನಮ್ಮಲ್ಲಿ ಸಿಗುತ್ತಾರೆ. ಒಂದು ವಿಷಯದಲ್ಲಿ ನಿಜ. ಗೊರಬು ಬೆನ್ನಿಗೆ ಅಂಟುವುದಿಲ್ಲ, ಕೆಳಗೆಲ್ಲ ಖಾಲಿ, ಗಾಳಿ ಆಡುತ್ತದೆ. ಬಗ್ಗಿ ಸಸಿ ನೆಡುವವರಿಗೆ ಅದಕ್ಕಿಂತ ಒಳ್ಳೇದು ನಮ್ಮ ಆಫೀಸಿನಲ್ಲಿ ಯಾರೂ ಮಾಡಿಲ್ಲ. ಆದರೆ ಅದನ್ನು ಹಾಕಿಕೊಂಡು ಮರ ಹತ್ತಲಿ ನೋಡೋಣ. ಕಂಬಳಿ ಕೊಪ್ಪೆ ಬೆಚ್ಚಗಿರುತ್ತದೆ, ನೆನೆದ ಮೇಲೆ ಹೊರಲಿಕ್ಕೆ ಮತ್ತೊಬ್ಬ ಆಳು ಬೇಕು. ಪ್ಲಾಸ್ಟಿಕ್ ಕೊಪ್ಪೆ ಎಲ್ಲರ ಮೈಮೇಲೆ ಬಂದದ್ದು ಸುಮ್ನೆ ಅಲ್ಲ.

ಸಂಜೆ ಆಯಿ ಜಾಕೆಟ್ ತೊಳೆದು ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕಿದರು. ಮಳೆಗಾಲದಲ್ಲಿ ಮತ್ತೆಲ್ಲಿ ಹಾಕುತ್ತಾರೆ? ಒಂದು ಕಿಡಿ ಹಾರಿ ತೋಳಿನಲ್ಲಿ ಅಂಚು ಕರಗಿ ಗಟ್ಟಿಯಾದ ತೂತು. ನೈಲಾನು, ಕರಗದೆ ಇರುತ್ತದಾ?

ಫೋಟೊ, ಟಿಪ್ಪಣಿ ಎಲ್ಲ ಆಫೀಸಿಗೆ ಕಳಿಸಿದೆ. ಮೀಟಿಂಗಿನಲ್ಲಿ ಎರಡು ಬದಲಾವಣೆ ಕೇಳಿದೆ: ಬೆವರಿನ ಆವಿ ಹೋಗಲಿಕ್ಕೆ ಕಂಕುಳಲ್ಲಿ ಉದ್ದ ಜಿಪ್, ಹೊಸ ಅಳತೆಯ ಟೊಪ್ಪಿ. ಟೊಪ್ಪಿ ಕೂಡಲೇ ಪಾಸಾಯಿತು. ಬಂಡೆ ಹತ್ತುವವರೂ ಮೇಲೆ ನೋಡುತ್ತಾರೆ, ಮೇಲಾಗಿ ಕತ್ತರಿಸುವ ಗೆರೆ ಬದಲಿಸಿದರೆ ಖರ್ಚಿಲ್ಲ. ಜಿಪ್ ಬಿದ್ದುಹೋಯಿತು. ಎರಡು ಜಿಪ್ ಅಂದರೆ ತೂಕ, ಟೇಪು, ಹೊಲಿಗೆ ಸಮಯ. "ಬೆಚ್ಚನೆ ಮಳೆಯಲ್ಲಿ ಓಡುವ ಗಿರಾಕಿ ನಮಗೆ ಎಷ್ಟು ಜನ?" ಅಂತ ಮೇಲಿನವರು ಕೇಳಿದರು. ನಾನೂ ಬೇರೆಯವರಿಗೆ ಅದನ್ನೇ ಕೇಳುತ್ತೇನೆ, ಹಾಗಾಗಿ ಸಿಟ್ಟು ಮಾಡಲಿಕ್ಕೂ ಆಗಲಿಲ್ಲ. ಆದರೆ ಪಶ್ಚಿಮ ಘಟ್ಟದ ಗಿರಾಕಿ ಲೆಕ್ಕಕ್ಕೆ ಬರುವುದು ಅವನಿಗೆ ಬೇಕಾದ್ದು ಅಂಗಡಿಯಲ್ಲಿ ಸಿಕ್ಕ ಮೇಲೆ. ಅಲ್ಲಿಯವರೆಗೆ ಅವನು ಪ್ಲಾಸ್ಟಿಕ್ ಕೊಪ್ಪೆಯನ್ನೇ ಕೊಳ್ಳುತ್ತಾನೆ. ಮುಂದಿನ ಸೀಸನ್ನಿಗೂ ಜಿಪ್ ಪಟ್ಟಿಯಲ್ಲಿ ಹಾಕಿದ್ದೇನೆ.

ಈ ಕೆಲಸಕ್ಕೆ ಏನು ಓದಬೇಕು ಅಂತ ಊರಿನ ಹುಡುಗರು ಕೇಳುತ್ತಾರೆ. ದಾವಣಗೆರೆಯ ಬಿಐಇಟಿ ಕಾಲೇಜಿನಲ್ಲಿ, ಬೆಂಗಳೂರಿನ ಎಸ್‌ಕೆಎಸ್‌ಜೆಟಿಐನಲ್ಲಿ ಟೆಕ್ಸ್‌ಟೈಲ್ ಎಂಜಿನಿಯರಿಂಗ್ ಇದೆ, ಫ್ಯಾಶನ್ ಕಲಿಸುವ ನಿಫ್ಟ್ ಕೂಡ ಬೆಂಗಳೂರಿನಲ್ಲಿದೆ. ಮೊದಲು ಯಾವುದಾದರೂ ಗಾರ್ಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡಿ. ಒಂದು ತೋಳು ಹೊಲಿಯಲು ಎಷ್ಟು ಹೊತ್ತು ಬೇಕು ಅಂತ ಕಂಡವರ ಮಾತಿಗೆ ಮೀಟಿಂಗಿನಲ್ಲಿ ತೂಕ ಜಾಸ್ತಿ.

ಇನ್ನು, ಬರುವಾಗ ಒಂದು ಜಾಕೆಟ್ ತಾ ಅನ್ನುವವರಿಗೆ: ಯಾಣಕ್ಕೋ ಉಂಚಳ್ಳಿಗೋ ನಡೆಯುವುದಾದರೆ ಕಂಕುಳಲ್ಲಿ ಜಿಪ್ ಇರುವುದನ್ನು ನೋಡಿ ಕೊಳ್ಳಿ, ಆವಿಯ ಅಂಕೆಗೆ ದುಡ್ಡು ಹಾಕಬೇಡಿ. ಸ್ಕೂಟರಿಗೆ ದಪ್ಪ ರೇನ್‌ಕೋಟ್ ಧಾರಾಳ ಸಾಕು. ಎರಡೂ ಹುಬ್ಬಳ್ಳಿಯಲ್ಲಿ ಸಿಗುತ್ತವೆ. ವಿಯೆಟ್ನಾಂನಲ್ಲಿ ಹೊಲಿದು, ಅಮೆರಿಕದಲ್ಲಿ ಸುಂಕ ಕಟ್ಟಿ, ನನ್ನ ಸೂಟ್‌ಕೇಸಿನಲ್ಲಿ ಕೂತು ಶಿರಸಿಗೆ ಬರುವ ಜಾಕೆಟ್ಟಿಗಿಂತ ಅಗ್ಗಕ್ಕೇ ಸಿಗುತ್ತವೆ.