ಚಂಡಮಾರುತದ ಹೆಸರನ್ನೇ ಮಗಳಿಗೆ ಇಟ್ಟಿರಾ?

ನನ್ನ ಮಗಳ ಹೆಸರು ನಿಸರ್ಗ. ನಾವಿರೋದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಹೆಸರು ಹೇಳಿದ ಕೂಡಲೇ ಎದುರಿನವರ ಹುಬ್ಬು ಮೇಲೇರುತ್ತದೆ. "ಆ ವಾದಳ್, ಚಂಡಮಾರುತ ಬಂತಲ್ಲ, ಅದರ ಹೆಸರಾ?" ಶಾಲೆಯ ಅಡ್ಮಿಷನ್ ಕೌಂಟರಿನಲ್ಲಿ, ಲೋಕಲ್ ಟ್ರೇನಿನ ಲೇಡೀಸ್ ಡಬ್ಬದಲ್ಲಿ, ಊರಿನ ಮದುವೆ ಮನೆಯ ಪಂಕ್ತಿಯಲ್ಲಿ, ಎಲ್ಲ ಕಡೆ ಇದೇ ಪ್ರಶ್ನೆ. ಈಚೆಗೆ ಬಸುರಿ ಹುಡುಗಿಯರು ಬೇರೆ ಕೇಳುತ್ತಾರೆ: "ಅಕ್ಕಾ, ಇಂಥ ಹೆಸರು ಇಡಬಹುದಾ?"

ಮೊದಲು ಯಾರದ್ದು ಮೊದಲು ಅನ್ನೋದನ್ನು ಹೇಳಿಬಿಡುತ್ತೇನೆ. ಮಗಳು ಹುಟ್ಟಿದ್ದು 2020ರ ಮಾರ್ಚ್ ಶುರುವಿನಲ್ಲಿ. ಹೆಸರು ಆರಿಸಿದ್ದು ಕುಂದಾಪುರದಲ್ಲಿರುವ ಮಾವ. ನಾಮಕರಣ ಊರಲ್ಲೇ ಅಂತ ಮಾತಾಗಿತ್ತು, ಅಷ್ಟರಲ್ಲಿ ಲಾಕ್‌ಡೌನ್. ಕೊನೆಗೆ ಏಪ್ರಿಲ್ ಮೊದಲ ವಾರ ಮಾವ ವಿಡಿಯೋ ಕಾಲ್‌ನಲ್ಲಿ ಮೂರು ಸಲ ಹೆಸರು ಕರೆದರು, ನಾನು ಫೋನನ್ನು ಮಗುವಿನ ಕಿವಿಗೆ ಹಿಡಿದೆ. ಎರಡನೇ ಸಲ ನೆಟ್‌ವರ್ಕ್ ಕೈಕೊಟ್ಟು "ನಿಸ" ಅಂತಲೇ ನಿಂತಿತು. ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರದ ಚಂಡಮಾರುತಗಳ ಹೊಸ ಹೆಸರಿನ ಪಟ್ಟಿ ಹೊರಬಿದ್ದದ್ದು ಆ ಏಪ್ರಿಲ್ ಕೊನೆಗೆ. ಹಾಗಾಗಿ ನನ್ನ ಮಗಳೇ ಸೀನಿಯರ್.

ಆ ಪಟ್ಟಿಯಲ್ಲಿ 13 ದೇಶಗಳು ತಲಾ 13ರಂತೆ ಕೊಟ್ಟ 169 ಹೆಸರುಗಳಿವೆ. ಅದರಲ್ಲಿ ಮೊಟ್ಟಮೊದಲನೆಯದೇ ಬಾಂಗ್ಲಾದೇಶ ಕೊಟ್ಟ ನಿಸರ್ಗ. ಜೂನ್ 3ರಂದು ಅದು ಅಲಿಬಾಗ್‌ನ ದಕ್ಷಿಣಕ್ಕೆ ದಡ ಮುಟ್ಟಿತು. ನಾವು ಬೆಳಗ್ಗೆಯೇ ಬಾಲ್ಕನಿಯ ತುಳಸಿ ಕುಂಡ, ಬಟ್ಟೆ ಹಗ್ಗ ಎಲ್ಲ ಒಳಗೆ ತಂದು ಕಿಟಕಿಗೆ ಟೇಪ್ ಹಚ್ಚಿದ್ದೆವು. ಟೀವಿಯಲ್ಲಿ ನಿಸರ್ಗ ಬರುತ್ತಿದೆ, ನಿಸರ್ಗ ಅಪ್ಪಳಿಸಲಿದೆ ಅಂತ ಒಂದೇ ಕೂಗು. ನಮ್ಮವಳು ಹಾಲು ಕುಡಿದು ಬಾಯಿ ಬಿಟ್ಟುಕೊಂಡು ಮಲಗಿದ್ದಳು. ಅತ್ತೆ ಫೋನ್ ಮಾಡಿ, "ನಿಮ್ಮ ಮಗಳು ಟೀವಿ ತುಂಬಾ ಇದ್ದಾಳಲ್ಲೇ" ಅಂತ ನಕ್ಕರು.

ನನ್ನ ಅಮ್ಮ ನಗಲಿಲ್ಲ. "ಬದಲಾಯಿಸು" ಅಂದಳು. ಬದಲಾಯಿಸಲು ದಾರಿಯೂ ಇತ್ತು. ಮಗುವಿನ ಜನನ ನೋಂದಣಿ ಹೆಸರಿಲ್ಲದೆಯೂ ಆಗುತ್ತದೆ, ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ನಮ್ಮ ಸರ್ಟಿಫಿಕೇಟಿನಲ್ಲಿ ಹೆಸರಿನ ಜಾಗ ಇನ್ನೂ ಖಾಲಿಯೇ ಇತ್ತು. ನನ್ನ ಗಂಡ ಎರಡು ವಾರ ಅತ್ತ ಇತ್ತ ಆಡಿದರು. ಇಶಾನಿ, ಅನ್ವಿ ಅಂತೆಲ್ಲ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೂ ಆಯಿತು.

ನನಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮುಂಬೈ ಮುಳುಗಿತು. ಆಮೇಲೆ ವರ್ಷಾ ಅನ್ನೋ ಹೆಸರಿಗೆ ಯಾರಾದರೂ ಹೆದರಿದರಾ? 2019ರಲ್ಲಿ ಸಾಂಗ್ಲಿಯನ್ನು ಮುಳುಗಿಸಿದ್ದು ಕೃಷ್ಣಾ ನದಿ, ಆದರೂ ಮನೆ ಮನೆಯಲ್ಲಿ ಕೃಷ್ಣಾ ಇದ್ದಾಳೆ. ಚಂಡಮಾರುತ ಅನ್ನೋ ಪದದಲ್ಲೇ ಮಾರುತ ಇದ್ದಾನೆ, ಅವನ ಮಗನ ಹೆಸರು ಕಟ್ಟಿಕೊಂಡ ಮಾರುತಿಗಳು ನಮ್ಮೂರಿನಲ್ಲಿ ಬೀದಿಗೆ ಇಬ್ಬರು. ನಮ್ಮ ಹೆಸರುಗಳಲ್ಲಿ ಅರ್ಧ ಗಾಳಿ, ನೀರು, ಬೆಂಕಿ, ಭೂಮಿಯವೇ ಅಲ್ವಾ? ಪಟ್ಟಿ ಮಾಡುವವರೂ ಅದೇ ಬುಟ್ಟಿಗೆ ಕೈ ಹಾಕುತ್ತಾರೆ. ಭಾರತ ಕೊಟ್ಟ ಹೆಸರುಗಳಲ್ಲಿ ತೇಜ್, ವ್ಯೋಮ್, ನೀರ್, ಜಲಧಿ ಇವೆ. ತೇಜ್ 2023ರಲ್ಲಿ ಯೆಮೆನ್ ಕಡೆ ಹೋಯಿತು. ಶಕ್ತಿ 2025ರ ಅಕ್ಟೋಬರ್‌ನಲ್ಲಿ ಅರಬ್ಬೀ ಸಮುದ್ರದಲ್ಲೇ ಎದ್ದಿತ್ತು. ಪಟ್ಟಿ ನೋಡಿ ಹೆಸರು ಬಿಡುತ್ತಾ ಹೋದರೆ ಕೊನೆಗೆ ಮಗುವಿಗೆ ನಂಬರ್ ಕೊಡಬೇಕಾಗುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ನಮ್ಮ ಕಡಲುಗಳಲ್ಲಿ ಒಂದು ಹೆಸರನ್ನು ಒಂದೇ ಸಲ ಬಳಸುತ್ತಾರೆ. ಅಟ್ಲಾಂಟಿಕ್‌ನಲ್ಲಿ ಹಾಗಲ್ಲ, ಅಲ್ಲಿ ಆರು ವರ್ಷಕ್ಕೊಮ್ಮೆ ಅದೇ ಪಟ್ಟಿ ತಿರುಗುತ್ತದೆ. 2005ರ ಕತ್ರಿನಾದಂಥ ಘೋರವಾದವುಗಳ ಹೆಸರನ್ನು ಮಾತ್ರ ಕೈಬಿಡುತ್ತಾರೆ. ಇಲ್ಲಿ ನಿಸರ್ಗದ ಸರದಿ ಮುಗಿದಿದೆ. ಇನ್ನು ಉಳಿದವಳು ನಮ್ಮವಳೊಬ್ಬಳೇ, ಅವಳ ಆರ್ಭಟ ಮಾತ್ರ ದಿನಾ ಸಂಜೆ ಹೋಮ್‌ವರ್ಕ್ ಹೊತ್ತಿಗೆ ಇದ್ದೇ ಇರುತ್ತದೆ.

ಆದರೆ ಬೇಕಂತಲೇ ವಿಪತ್ತಿನ ಹೆಸರಿಡುವುದು ನನಗೆ ಹಿಡಿಸುವುದಿಲ್ಲ. 2019ರಲ್ಲಿ ಫನಿ ಚಂಡಮಾರುತ ಒಡಿಶಾಗೆ ಬಂದ ದಿನ ಭುವನೇಶ್ವರದಲ್ಲಿ ಹುಟ್ಟಿದ ಮಗುವಿಗೆ ಫನಿ ಅಂತಲೇ ಹೆಸರಿಟ್ಟರು, ಪೇಪರಿನಲ್ಲಿ ಫೋಟೋ ಬಂತು. ಆ ಸಂಭ್ರಮ ಅರ್ಥವಾಗುತ್ತದೆ. ಆದರೆ ಅದೇ ಗಾಳಿಗೆ ಮನೆಯವರನ್ನು ಕಳೆದುಕೊಂಡವರು ಪಕ್ಕದ ಬೀದಿಯಲ್ಲೇ ಇರಬಹುದು. ಮೊದಲೇ ಇದ್ದ ಹೆಸರನ್ನು ಗಾಳಿ ಎತ್ತಿಕೊಂಡು ಹೋಗುವುದೇ ಬೇರೆ, ಗಾಳಿಯ ಹೆಸರನ್ನು ನಾವೇ ಎತ್ತಿಕೊಳ್ಳುವುದೇ ಬೇರೆ. ಬಸುರಿ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ಹೆಸರು ನಿಮ್ಮ ಮನೆಯಲ್ಲಿ ಮೊದಲೇ ಓಡಾಡುತ್ತಿದ್ದರೆ ಬಿಡಬೇಡಿ. ಟೀವಿ ನೋಡಿ ಹೊಳೆದಿದ್ದರೆ ಬಿಟ್ಟುಬಿಡಿ.

ಇಷ್ಟೆಲ್ಲ ವಾದ ಮಾಡುವ ನಾನೂ ಒಂದು ಕಡೆ ತಡವರಿಸಿದ್ದೇನೆ. 2022ರ ಡಿಸೆಂಬರ್‌ನಲ್ಲಿ ಕೊಂಕಣ ಕರಾವಳಿಯ ಶ್ರೀವರ್ಧನಕ್ಕೆ ಹೋಗಿದ್ದೆವು. ಆ ಕಡೆಯ ತೆಂಗು, ಅಡಿಕೆ ತೋಟಗಳನ್ನು ನಿಸರ್ಗ ನೆಲಕ್ಕೆ ಮಲಗಿಸಿತ್ತು. ನಾವು ಉಳಿದುಕೊಂಡ ಮನೆಯ ಅಜ್ಜಿ ಮಗಳ ಗಲ್ಲ ಹಿಡಿದು ಹೆಸರು ಕೇಳಿದರು. "ಚಿನ್ನು" ಅಂತ ಮನೆಯಲ್ಲಿ ಕರೆಯುವ ಹೆಸರು ನನ್ನ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳೇ ಜೋರಾಗಿ, "ನಿಸರ್ಗ" ಅಂದಳು.

ಅಜ್ಜಿ ಕೈ ತೆಗೆದರು. "ಆಮ್ಚ್ಯಾಕಡೆ ಪಣ್ ಆಲಂ ಹೋತಂ," ನಮ್ಮ ಕಡೆಯೂ ಬಂದಿತ್ತು, ಅಂದರು, ಅಷ್ಟೇ. ಹಿತ್ತಿಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಹಳೆಯ ಮರಗಳಲ್ಲಿ ನಾಲ್ಕೈದು ನಿಂತಿದ್ದವು, ಮಿಕ್ಕ ಕಡೆಯೆಲ್ಲ ಸೊಂಟದೆತ್ತರದ ಅಡಿಕೆ ಸಸಿ. ಫಸಲಿಗೆ ಇನ್ನೂ ವರ್ಷಗಟ್ಟಲೆ ಕಾಯಬೇಕು. ಮಗಳಿಗೆ ಎಳನೀರು ಕೊಟ್ಟರು, ಗಂಜಿ ತೆಗೆದು ಬಾಯಿಗಿಟ್ಟರು. ಎರಡು ದಿನ ಅವಳನ್ನು "ಏ ಪೋರಿ, ಏ ಪೋರಿ" ಅಂತಲೇ ಕರೆದರು. ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ. ನಾನೂ ನೆನಪಿಸಲು ಹೋಗಲಿಲ್ಲ.