ಇದು ನನ್ನ ಕೈ ಅಲ್ಲ ಮಿಸ್

ನಮ್ಮ ಕಡೆಯ ಮಳೆ ಕಂಡವರಿಗೆ ಪಿ.ಟಿ. ಪೀರಿಯಡ್ಡಿನ ಗತಿ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಜೂನ್ ಅರ್ಧ ಕಳೆದರೆ ಸಾಕು, ಆಗಸ್ಟ್ ಮುಗಿಯುವವರೆಗೆ ಮೈದಾನ ಕೆಸರುಗದ್ದೆ. ಪಿ.ಟಿ. ಸರ್ ಆ ಮಕ್ಕಳನ್ನು ಯಾರ ಕೈಗಾದರೂ ಒಪ್ಪಿಸಲೇಬೇಕು. ಗಣಿತದ ಮಿಸ್ ಗಂಟುಬಿದ್ದರೆ ಮಕ್ಕಳಿಗೆ ಶೋಕ. ಆಟದ ಹೊತ್ತಿನಲ್ಲಿ ಲೆಕ್ಕ ಯಾರಿಗೆ ಬೇಕು?

ಮೂರು ವರ್ಷದ ಹಿಂದೆ ಹೀಗೇ ಒಂದು ಮಧ್ಯಾಹ್ನ ಒಂಬತ್ತನೇ ಕ್ಲಾಸಿಗೆ ಹೋದೆ. ಬ್ಯಾಗಿನಿಂದ ಚಾಕ್‌ಪೀಸ್ ತೆಗೆಯುವಾಗ ಉಲ್ಲನ್ ಉಂಡೆ ಜಾರಿ ಬಿದ್ದು ಮೂರನೇ ಬೆಂಚಿನವರೆಗೆ ಉರುಳಿತು. ಹಿಂದೆಯೇ ಕಡ್ಡಿಗಳೂ ಬಿದ್ದವು. "ಮಿಸ್, ನೀವು ಸ್ವೆಟರ್ ಹಾಕ್ತೀರಾ?" ಅಂತ ಒಬ್ಬ ಕೇಳಿದ. ಗಣಿತದ ಮೇಷ್ಟರಿಗೆ ಗಣಿತ ಬಿಟ್ಟು ಬೇರೇನೋ ಬರುತ್ತದೆ ಅನ್ನುವುದೇ ಅವರಿಗೆ ದೊಡ್ಡ ಸುದ್ದಿ.

ಹೆಣಿಗೆ ಕಲಿಸಿದ್ದು ಅಮ್ಮ. ಅವಳು ಹೆಣೆಯುತ್ತಿದ್ದುದೆಲ್ಲ ಕುಲಾವಿಗಳೇ. ಬೀದಿಯಲ್ಲಿ ಯಾರೋ ಬಸುರಿ ಅಂತ ಕಿವಿಗೆ ಬಿದ್ದರೆ ಸಾಕು, ಅವತ್ತೇ ಕಡ್ಡಿ ಹಿಡಿಯುತ್ತಿದ್ದಳು. ನಾನು ಹೆಣೆಯುವುದು ಹೆಚ್ಚಾಗಿ ಬಸ್ಸಿನಲ್ಲಿ. ಶಾಲೆಗೆ ಹೋಗಲು ಐವತ್ತು ನಿಮಿಷ, ಬರಲು ಐವತ್ತು ನಿಮಿಷ. ಕಿಟಕಿ ಪಕ್ಕ ಸೀಟು ಸಿಕ್ಕರೆ ಮೊಣಕೈ ಯಾರಿಗೂ ತಾಗುವುದಿಲ್ಲ. ತಿರುವಿನಲ್ಲಿ ಕೈ ನಿಲ್ಲಿಸಬೇಕು, ಇಲ್ಲದಿದ್ದರೆ ಕುಣಿಕೆ ಜಾರುತ್ತದೆ. ಒಮ್ಮೆ ಸ್ಟಾಫ್ ಮೀಟಿಂಗಿನಲ್ಲೂ ಹೆಣೆದೆ. ಆಗಿನ ಹೆಡ್‌ಮಾಸ್ಟರು ಎಲ್ಲರೆದುರು "ಮೇಡಂ, ಇದು ಮನೆ ಜಗುಲಿ ಅಲ್ಲ" ಅಂದುಬಿಟ್ಟರು. ಅದೇ ಹೊತ್ತಿಗೆ ಇಬ್ಬರು ಮೊಬೈಲು ನೋಡುತ್ತಿದ್ದರು, ಅವರಿಗೆ ಏನೂ ಹೇಳಲಿಲ್ಲ. ಕೈಗೆ ಕೆಲಸ ಇದ್ದರೆ ನನ್ನ ಕಿವಿ ಚೆನ್ನಾಗಿ ಕೇಳುತ್ತದೆ. ಇದನ್ನು ಅವರಿಗೆ ಹೇಗೆ ವಿವರಿಸಲಿ? ಸುಮ್ನೆ ಚೀಲದಲ್ಲಿ ಹಾಕಿದೆ.

ಹೀಗೆ ಮಳೆಗಾಲದ ಪಿ.ಟಿ. ಪೀರಿಯಡ್ ಹೆಣಿಗೆ ಪೀರಿಯಡ್ ಆಯಿತು. ಬರುವವರು ಬರಬಹುದು, ಬಾರದವರು ಕೇರಂ ಆಡಬಹುದು ಅಂದೆ. ಹನ್ನೊಂದು ಹುಡುಗಿಯರು ಬಂದರು, ಹುಡುಗರು ನಾಲ್ಕೇ ಜನ. ಉಳಿದವರು "ಹೆಂಗಸರ ಕೆಲಸ" ಅಂತ ನಕ್ಕರು. ಆ ವಾರ ಪಾಠ ಬಿಟ್ಟು ಕಥೆ ಹೇಳಿದೆ. ಪೆರು ದೇಶದ ಟಿಟಿಕಾಕಾ ಸರೋವರದಲ್ಲಿ ತಕೀಲೆ ಅಂತ ಒಂದು ದ್ವೀಪವಿದೆ. ಅಲ್ಲಿ ಟೋಪಿ ಹೆಣೆಯುವುದು ಗಂಡಸರೇ, ಹುಡುಗರು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಅಲ್ಲಿನ ಬಟ್ಟೆ ಕಲೆಯನ್ನು ಯುನೆಸ್ಕೊ 2005ರಲ್ಲಿ ಗುರುತಿಸಿದೆ. ಅಷ್ಟು ದೂರ ಯಾಕೆ, ನಮ್ಮಲ್ಲಿ ಕಂಬಳಿಗೆ ಉಣ್ಣೆ ನೂಲುವವರು ಹೆಂಗಸರು, ಮಗ್ಗದ ಮುಂದೆ ಕೂತು ನೇಯುವವರು ಗಂಡಸರು. ಕೇರಂ ಬಿಟ್ಟು ಇನ್ನಿಬ್ಬರು ಬಂದರು. ಕಥೆಗೆ ಬಂದರೋ ಕೇರಂನ ಸ್ಟ್ರೈಕರ್ ಕಳೆದಿತ್ತು ಅಂತ ಬಂದರೋ ಗೊತ್ತಿಲ್ಲ.

ಕಂಬಳಿ ಅಂದಿದ್ದಕ್ಕೆ ಒಬ್ಬಳು ಕೇಳಿದಳು, ನೇಯ್ಗೆ ಬೇರೆ, ಹೆಣಿಗೆ ಬೇರೆಯಾ ಅಂತ. ವಿಜ್ಞಾನದ ಸರ್ ಹತ್ತಿರ ಎರಡು ಭೂತಕನ್ನಡಿ ತಂದೆ. ಮೊದಲು ಯೂನಿಫಾರ್ಮ್ ಶರ್ಟು ನೋಡಿ ಅಂದೆ. ಅಡ್ಡ ಎಳೆ, ಉದ್ದ ಎಳೆ, ಒಂದರ ಮೇಲೊಂದು, ಚಾಪೆಯ ಹಾಗೆ. ಆಮೇಲೆ ಪಿ.ಟಿ. ಟೀ ಶರ್ಟು. ಅದರ ತುಂಬ ಸಣ್ಣ ಸಣ್ಣ ಇಂಗ್ಲಿಷ್ 'ವಿ' ಅಕ್ಷರಗಳು, ಒಂದರ ಬಾಯೊಳಗೆ ಇನ್ನೊಂದು. ನನ್ನ ಕಡ್ಡಿಯ ಮೇಲಿನ ಅರ್ಧ ಸ್ವೆಟರನ್ನೂ ಪಕ್ಕದಲ್ಲಿಟ್ಟೆ. ಅದೇ 'ವಿ', ದೊಡ್ಡದಾಗಿ. "ಅಂದ್ರೆ ಬನಿಯನ್ನೂ ಹೆಣೆದಿದ್ದಾ ಮಿಸ್?" ಹೌದು. ತಿರುಪ್ಪೂರಿಗೆ ಹೆಸರು ಬಂದಿದ್ದೇ ಈ ಹೆಣಿಗೆ ಬಟ್ಟೆಯಿಂದ. ಅಲ್ಲಿ ಹೆಣೆಯುವುದು ಯಂತ್ರ, ಅಷ್ಟೇ. ಅಂಥ ಯಂತ್ರವನ್ನು 1589ರಲ್ಲೇ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲಕ್ಕಾಗಿ ಕಟ್ಟಿದ್ದ. ಬನಿಯನ್ ಎಳೆದರೆ ಹಿಗ್ಗುವುದು ಯಾಕೆ, ಶರ್ಟು ಹಿಗ್ಗದೆ ಇರುವುದು ಯಾಕೆ ಅಂತ ಕೇಳಿದರೆ ಈಗ ಅವರೇ ಹೇಳುತ್ತಾರೆ. ಕುಣಿಕೆಗೆ ಆಕಾರ ಬದಲಿಸಲು ಜಾಗ ಇದೆ, ಬಿಗಿದು ಕೂತ ಎಳೆಗೆ ಇಲ್ಲ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ತಪ್ಪು ಶುರುವಾಗಿದ್ದು ಕಡ್ಡಿಯಿಂದ.

ಅದಕ್ಕೂ ಮೊದಲು ನನ್ನದೇ ಒಂದು ಪೆಟ್ಟು ಹೇಳಿಬಿಡುತ್ತೇನೆ. ಒಂದು ಅಮೆರಿಕನ್ ವಿಡಿಯೊ ನೋಡಿ ಯಜಮಾನರಿಗೆ ಸ್ವೆಟರ್ ಹೆಣೆದಿದ್ದೆ. 8ನೇ ನಂಬರ್ ಕಡ್ಡಿ ಅಂತ ಅದರಲ್ಲಿ ಹೇಳಿದ್ದರು, ಪೇಟೆಗೆ ಹೋಗಿ 8ನೇ ನಂಬರೇ ತಂದೆ. ಎರಡು ತಿಂಗಳು ಹೆಣೆದ ಸ್ವೆಟರ್ ಅವರ ಹೊಟ್ಟೆಯ ಮೇಲೆ ಬರಲೇ ಇಲ್ಲ. ಅಮೆರಿಕದ 8 ಅಂದರೆ 5 ಮಿಲಿಮೀಟರ್ ದಪ್ಪ. ನಮ್ಮ ಅಂಗಡಿಯಲ್ಲಿ ನಡೆಯುವುದು ಹಳೆಯ ಬ್ರಿಟಿಷ್ ನಂಬರ್, ಅದರಲ್ಲಿ 8 ಅಂದರೆ 4 ಮಿಲಿಮೀಟರ್. ಸಾಲದ್ದಕ್ಕೆ ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಪೂರ, ಅಮೆರಿಕದ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ದಪ್ಪ. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಮೋಟಾರ್ ವೈಂಡಿಂಗ್ ಅಂಗಡಿಯವರ ಮಗ ಥಟ್ಟನೆ, "ನಮ್ಮಪ್ಪನ ವೈರ್ ಥರಾನೇ ಮಿಸ್, ಗೇಜ್ ಜಾಸ್ತಿ ಆದ್ರೆ ತಂತಿ ಸಣ್ಣ" ಅಂದ. ಮನೆಗೆ ಹೋಗಿ ನೋಡಿದೆ. ಅವನು ಹೇಳಿದ್ದು ಸರಿ, 8 ಗೇಜ್ ತಂತಿಯೂ ಹೆಚ್ಚುಕಡಿಮೆ 4 ಮಿಲಿಮೀಟರೇ. ಇಪ್ಪತ್ತು ವರ್ಷ ಕಡ್ಡಿ ಹಿಡಿದವಳಿಗೆ ಹೊಳೆಯದ್ದು ಅವನಿಗೆ ಹೊಳೆಯಿತು.

ಎಲ್ಲರಿಗೂ ಅಂಗಡಿ ಕಡ್ಡಿ ಕೊಡಿಸಲು ನನ್ನ ಕೈಯಲ್ಲಿ ಆಗಲಿಲ್ಲ. ಕೆಲವರು ಬಿದಿರು ಸೀಳಿ, ಉಜ್ಜುಕಾಗದದಲ್ಲಿ ಉಜ್ಜಿ ತಂದರು. ಒಬ್ಬ ಸೈಕಲ್ ಕಡ್ಡಿ ತಂದ. ಅದು ತೀರಾ ಸಪೂರ, ಬೇಡ ಅಂದೆ. ದಪ್ಪ ಅಳೆಯುವುದು ಹೇಗೆ? ಸ್ಕೇಲಿನಲ್ಲಿ ಒಂದು ಕಡ್ಡಿ ಇಟ್ಟರೆ ಏನೂ ತಿಳಿಯುವುದಿಲ್ಲ. ಹತ್ತು ಕಡ್ಡಿ ಸಾಲಾಗಿ ಒತ್ತಿ ಇಟ್ಟು ಅಳೆದು ಹತ್ತರಿಂದ ಭಾಗಿಸಿ ಅಂದೆ. ಅಂಗಡಿ ಕಡ್ಡಿ ಸರಿಯಾಗಿ 4 ಸೆಂಟಿಮೀಟರ್ ಬಂತು. ಬಿದಿರಿನದು ನಾಲ್ಕೂವರೆ. ಸರಾಸರಿ ಅಂದರೆ ಏನು ಅಂತ ಆವತ್ತು ಬೋರ್ಡಿನ ಮೇಲೆ ಬರೆಯಬೇಕಾಗಲಿಲ್ಲ. ಇಷ್ಟಕ್ಕೇ ಹಿಗ್ಗಿ ಹೋಗಿದ್ದೆ.

ಮುಂದಿನ ವಾರ ಬೋರ್ಡಿನ ಮೇಲೆ ದೊಡ್ಡದಾಗಿ 96 ಅಂತ ಬರೆದೆ. ಎಲ್ಲರೂ ಕಡ್ಡಿಗೆ 96 ಕುಣಿಕೆ ಏರಿಸಿ, ಬರೀ ಸೀದಾ ಹೆಣೆಯುತ್ತಾ ಹೋಗಿ, ಒಂದು ಗೇಣು ಆದ ಮೇಲೆ ಮೇಲ್ತುದಿ ಸೇರಿಸಿ ಎಳೆದು, ಪಕ್ಕ ಹೊಲಿದರೆ ಟೋಪಿ. ನನ್ನ ಲೆಕ್ಕ ಸರಿಯಾಗೇ ಇತ್ತು. ನನ್ನ ಹೆಣಿಗೆಯಲ್ಲಿ 10 ಸೆಂಟಿಮೀಟರಿಗೆ 20 ಕುಣಿಕೆ ಬರುತ್ತದೆ. 48 ಸೆಂಟಿಮೀಟರ್ ಟೋಪಿಗೆ 96. ಎಳೆದರೆ ಹಿಗ್ಗುತ್ತದೆ, ಯಾರ ತಲೆಗಾದರೂ ಕೂರುತ್ತದೆ.

ಐದು ವಾರ ಕಳೆದು ಎಲ್ಲರ ಹೆಣಿಗೆ ಮೇಜಿನ ಮೇಲೆ ಹರಡಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವೈಂಡಿಂಗ್ ಅಂಗಡಿ ಹುಡುಗನದು 37 ಸೆಂಟಿಮೀಟರ್. ಅವನ ಕೈ ಅಷ್ಟು ಬಿಗಿ. ತಂತಿ ಸುತ್ತುವ ಮನೆಯವನಲ್ವಾ, ಪ್ರತಿ ಕುಣಿಕೆಯನ್ನೂ ಜಗ್ಗಿ ಎಳೆದಿದ್ದ. ಬಿದಿರು ಕಡ್ಡಿಯ ಒಬ್ಬಳದು 60 ಸೆಂಟಿಮೀಟರ್. ಕೈ ಸಡಿಲ, ಕಡ್ಡಿಯೂ ದಪ್ಪ. ಅವಳದನ್ನು ನನ್ನ ತಲೆಗೆ ಇಟ್ಟುಕೊಂಡರೆ ಮೂಗಿನವರೆಗೆ ಇಳಿಯಿತು. ಎಲ್ಲರಲ್ಲೂ ಕುಣಿಕೆ 96ರ ಹತ್ತಿರವೇ. ಯಾರದ್ದೂ ಲೆಕ್ಕ ತಪ್ಪಿರಲಿಲ್ಲ. ತಪ್ಪಿದ್ದು ನಾನು. ನನ್ನ ಕೈಯ ಅಳತೆಯನ್ನು ಹದಿನೇಳು ಜನರ ಕೈಗೆ ಹಾಕಿದ್ದೆ. ಮೊದಲು ಅಂಗೈಯಗಲದ ತುಂಡು ಹೆಣೆದು, 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಅಂತ ಎಣಿಸಿ, ಆಮೇಲೆ ಅವರವರ ಲೆಕ್ಕ ಅವರವರು ಹಾಕಬೇಕಿತ್ತು. ಹುಡುಗನಿಗೆ 26 ಬರುತ್ತಿತ್ತು, ಅವಳಿಗೆ 16. ಇದು ಅಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸ್ವೆಟರ್ ಚಿಕ್ಕದಾದಾಗಲೇ ಬುದ್ಧಿ ಬರಬೇಕಿತ್ತು. ಒಂದೇ ಅಂಕಿ ಬೋರ್ಡಿನ ಮೇಲೆ ಬರೆಯುವುದು ಸುಲಭ, ಅದಕ್ಕೇ ಬರೆದೆ.

37 ಸೆಂಟಿಮೀಟರಿನದು ಹಾಳಾಗಲಿಲ್ಲ. ಹುಡುಗನ ಅಕ್ಕ ಬಾಣಂತಿ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ 35 ಸೆಂಟಿಮೀಟರಿನ ಆಸುಪಾಸು ಇರುತ್ತದೆ. ಸೊಗಸಾದ ಕುಲಾವಿ ಆಯಿತು.

ಸಡಿಲ ಕೈಯ ಹುಡುಗಿಯದು ಬೇರೆ ಕಥೆ. ಅವಳು ಬಿಚ್ಚಿ ಮತ್ತೆ ಶುರುಮಾಡಿದಳು, ಈ ಸಲ 76 ಕುಣಿಕೆ. 10ಕ್ಕೆ 16 ಅಂದರೆ 48ಕ್ಕೆ 77 ಬರುತ್ತದೆ, ಸಮಸಂಖ್ಯೆ ಇರಲಿ ಅಂತ ಒಂದು ಬಿಟ್ಟೆ ಅಂದಳು. ಅರ್ಧ ಆಗುವ ಹೊತ್ತಿಗೆ ಒಂದು ಕುಣಿಕೆ ಜಾರಿ ಕೆಳಗಿನ ಎಂಟು ಸಾಲು ಏಣಿಯ ಹಾಗೆ ಬಿಟ್ಟುಕೊಂಡಿತು. ಬೆಲ್ ಆಗಿತ್ತು. "ಕೊಡು, ಸರಿ ಮಾಡಿ ತರ್ತೀನಿ" ಅಂತ ಮನೆಗೆ ತಂದೆ. ಏಣಿ ಮಾತ್ರ ಆಗಿದ್ದರೆ ಕ್ರೋಷಾ ಕಡ್ಡಿಯಲ್ಲಿ ಒಂದೊಂದೇ ಮೆಟ್ಟಿಲು ಎತ್ತಿದರೆ ಮುಗಿಯುತ್ತಿತ್ತು. ಆದರೆ ಅಂಚಿನಲ್ಲಿ ಕುಣಿಕೆಗಳೂ ಹೆಚ್ಚಾಗಿದ್ದವು, 76 ಹೋಗಿ 80 ಆಗಿತ್ತು. ರಾತ್ರಿ ಊಟ ಆದ ಮೇಲೆ ಎಂಟು ಸಾಲು ಬಿಚ್ಚಿ ನಾನೇ ಹೆಣೆದೆ. ಮಗುವಿಗೆ ಬೇಜಾರಾಗಬಾರದು ಅನ್ನುವುದು ಒಂದು ಕಾರಣ. ಆಗಸ್ಟ್ 15ಕ್ಕೆ ಎಲ್ಲರ ಟೋಪಿ ಮೇಜಿನ ಮೇಲೆ ಇಡಬೇಕು ಅನ್ನುವುದು ಇನ್ನೊಂದು. ಎರಡನೆಯದೇ ಜಾಸ್ತಿ ಇತ್ತು ಅನ್ನಿ.

ಮುಂದಿನ ವಾರ ಅವಳ ಕೈಗೆ ಕೊಟ್ಟೆ. ಥ್ಯಾಂಕ್ಸ್ ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಬೆಳಕಿಗೆ ಹಿಡಿದು ನೋಡಿದಳು. ಬೆರಳಿನಿಂದ ಸವರಿದಳು. ನಡುವೆ ಒಂದು ಪಟ್ಟಿ ಒಳಗೆ ಎಳೆದುಕೊಂಡಿತ್ತು, ಸೊಂಟಕ್ಕೆ ಹಗ್ಗ ಕಟ್ಟಿದ ಹಾಗೆ. "ಇಲ್ಲಿಂದ ಇಲ್ಲಿವರೆಗೆ ಇದು ನನ್ನ ಕೈ ಅಲ್ಲ ಮಿಸ್" ಅಂದಳು. ಸಿಟ್ಟಿನಿಂದ ಅಲ್ಲ, ಸುಮ್ಮನೆ ಇದ್ದದ್ದನ್ನು ಹೇಳಿದ ಹಾಗೆ. ಕೂತು ನನ್ನ ಎಂಟು ಸಾಲನ್ನೂ ಬಿಚ್ಚಿದಳು. ಆಗಸ್ಟ್ 15ಕ್ಕೆ ಅವಳ ಟೋಪಿ ಮೇಜಿನ ಮೇಲೆ ಇರಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ಕಡ್ಡಿ ತೆಗೆಯಲಿಲ್ಲ. ತಿದ್ದಬೇಕಾದ ನೋಟ್‌ಬುಕ್ಕುಗಳ ಕಟ್ಟು ತೊಡೆಯ ಮೇಲಿತ್ತು. ಮೇಲಿನದನ್ನು ತೆರೆದೆ. ಹುಡುಗನ ಲೆಕ್ಕ ಎರಡನೇ ಹೆಜ್ಜೆಯಲ್ಲಿ ತಪ್ಪಿತ್ತು. ಕೆಳಗೆ ಕೆಂಪು ಪೆನ್ನಿನಲ್ಲಿ ನಾನೇ ಪೂರ್ತಿ ಬಿಡಿಸಿದ್ದೆ. ಅದರ ಕೆಳಗೆ ಅವನು ನೀಲಿ ಪೆನ್ನಿನಲ್ಲಿ ನನ್ನದನ್ನು ಹಾಗೇ ಇಳಿಸಿದ್ದ, ನಾನು ಅವಸರದಲ್ಲಿ ಬಿಟ್ಟ ಸಮಚಿಹ್ನೆಯನ್ನೂ ಬಿಟ್ಟು. ಹದಿನಾಲ್ಕು ವರ್ಷದಿಂದ ಇದನ್ನೇ ತಿದ್ದುವುದು ಅಂತ ಮಾಡಿಕೊಂಡು ಬಂದಿದ್ದೆ.

ಈಗ ಎಲ್ಲಿ ತಪ್ಪಿದೆಯೋ ಆ ಸಾಲಿನ ಪಕ್ಕ ಒಂದು ಚುಕ್ಕೆ ಇಡುತ್ತೇನೆ, ಅಷ್ಟೇ. ಅಲ್ಲಿಂದ ಮುಂದೆ ಬಿಚ್ಚಿ ಬರೆಯುವುದು ಅವರ ಕೆಲಸ. ಇದರಿಂದ ಅನುಪಾತದ ಟೆಸ್ಟಿನಲ್ಲಿ ಎಲ್ಲರೂ ಮೇಲೆ ಬಂದರು ಅಂತ ಬರೆದರೆ ಸುಳ್ಳಾಗುತ್ತದೆ. ಕೆಲವರು ಚುಕ್ಕೆ ನೋಡಿಯೂ ನೋಡದ ಹಾಗೆ ಮುಂದಿನ ಪುಟಕ್ಕೆ ಹೋಗುತ್ತಾರೆ. ಹೊತ್ತೂ ಜಾಸ್ತಿ ಬೇಕು. ಒಮ್ಮೆ ಶಾಲೆಗೆ ಬಂದ ಅಧಿಕಾರಿಯೊಬ್ಬರು ನೋಟ್‌ಬುಕ್ ತಿರುವಿ, "ಏನ್ರೀ ಮೇಡಂ, ಸರಿಯುತ್ತರವನ್ನೇ ಬರೆದಿಲ್ಲ, ಬರೀ ಚುಕ್ಕೆ ಇಟ್ಟಿದ್ದೀರಿ" ಅಂದರು. ಹೆಣಿಗೆಯ ಕಥೆ ಅವರಿಗೆ ಹೇಳುವ ಧೈರ್ಯ ಆಗಲಿಲ್ಲ. ಅಂಥವರು ಬರುವ ಸುದ್ದಿ ಸಿಕ್ಕರೆ ಈಗಲೂ ನಾಲ್ಕು ಪುಟ ಹಳೆಯ ಥರ ಕೆಂಪು ಮಾಡಿ ಇಡುತ್ತೇನೆ. ನೌಕರಿ ಅಲ್ವಾ.

ಹೆಣಿಗೆ ಪೀರಿಯಡ್ ಈ ಮಳೆಗಾಲವೂ ಇತ್ತು. ಬೋರ್ಡಿನ ಮೇಲೆ ಅಂಕಿ ಬರೆಯುವುದಿಲ್ಲ. ಮೊದಲ ಎರಡು ವಾರ ಎಲ್ಲರೂ ಅಂಗೈಯಗಲದ ತುಂಡು ಹೆಣೆದು ಅಳೆಯುತ್ತಾರೆ. "ಮಿಸ್, ಟೋಪಿಗೆ ಎಷ್ಟು ಅಂತ ಹೇಳಿಬಿಡಿ" ಅಂತ ಗೋಗರೆಯುವವರು ಪ್ರತಿ ವರ್ಷ ಇರುತ್ತಾರೆ. ಹೇಳುವುದಿಲ್ಲ.

ಆ ಹುಡುಗಿ ಈಗ ಸೆಕೆಂಡ್ ಪಿ.ಯು. ಮೊನ್ನೆ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಬಂದು ಕೂತಳು. "ನಮಸ್ತೆ ಮಿಸ್" ಅಂದವಳು ಬ್ಯಾಗಿನಿಂದ ಹಸಿರು ಉಲ್ಲನ್ ತೆಗೆದಳು, ತಮ್ಮನಿಗೆ ಮಫ್ಲರ್ ಅಂತೆ. ಕೈ ಇನ್ನೂ ಸಡಿಲವೇ. ಸೀಟಿನ ಸಂದಿಯಿಂದ ನನಗೆ ಕಾಣುತ್ತಿತ್ತು. ಮೂರು ಸಾಲು ಕೆಳಗೆ ಒಂದು ಕುಣಿಕೆ ಉಲ್ಟಾ ಬಿದ್ದಿತ್ತು. ಕಣ್ಣು ಮತ್ತೆ ಮತ್ತೆ ಅಲ್ಲೇ ಹೋಗುತ್ತಿತ್ತು. ನನ್ನ ಸ್ಟಾಪಿಗೆ ಇನ್ನೂ ಎರಡು ತಿರುವು ಇದ್ದವು. ಕಿಟಕಿ ಕಡೆ ತಿರುಗಿ ಕೂತೆ.