ಹಾಳೆತಟ್ಟೆಯ ಗಡಿಯಾರ: ಮೂರನೆಯ ವಾರದ ಟಿಪ್ಪಣಿ

ಉರಿಯೂತದ ಕೀಲುರೋಗವು ಪ್ರಯೋಗಾಲಯದ ಇಲಿಗಳ ದಿನನಿತ್ಯದ ಹಾರ್ಮೋನ್ ಲಯವನ್ನು ಹೇಗೆ ಕೆಡಿಸುತ್ತದೆಂದು ತೋರಿಸುವ ತಿರುಗುಚಕ್ರವೊಂದನ್ನು ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಮಾಡತೊಡಗಿ ಮೂರು ವಾರಗಳಾದವು. ರಟ್ಟಿನ ಮೊದಲ ಚಕ್ರ ಆಷಾಢದ ಥಂಡಿಗೆ ಸೊಟ್ಟಗಾದುದರಿಂದ ಈಗ ಅಡಿಕೆ ಹಾಳೆಯ ತಟ್ಟೆಗಳನ್ನು ಬಳಸುತ್ತಿದ್ದೇನೆ. ಬೂಸ್ಟು ಹಿಡಿಯದಂತೆ ಅವನ್ನೂ ರಾತ್ರಿ ಒಲೆಯ ಮೇಲಿನ ಅಟ್ಟದಲ್ಲಿಡಬೇಕು.

ಆ ರಟ್ಟು ಹಾಳಾದುದಕ್ಕೆ ಬೇಸರವಿಲ್ಲ, ಅದರ ಮೇಲಿನ ಗೆರೆಯೇ ತಪ್ಪಾಗಿತ್ತು. ಮನುಷ್ಯರಲ್ಲಿ ಅಡ್ರಿನಲ್ ಗ್ರಂಥಿಯ ಕಾರ್ಟಿಸೋಲ್ ಎಂಬ ಹಾರ್ಮೋನ್ ಬೆಳಗಿನ ಹೊತ್ತಿಗೆ ಏರಿ ನಡುರಾತ್ರಿಯ ಸುಮಾರಿಗೆ ತಗ್ಗುತ್ತದೆ. ಇಲಿ ನಿಶಾಚರಿಯಾದುದರಿಂದ ಅದರಲ್ಲಿ ಕಾರ್ಟಿಸೋಲ್‌ನ ಕೆಲಸ ಮಾಡುವ ಕಾರ್ಟಿಕೊಸ್ಟೆರಾನ್ ಕತ್ತಲಾಗುವ ಹೊತ್ತಿಗೆ ಏರಿ ಬೆಳಿಗ್ಗೆ ತಳಕ್ಕಿಳಿಯುತ್ತದೆ. ನಾನು ಎರಡಕ್ಕೂ ಒಂದೇ ಗೆರೆ ಎಳೆದಿದ್ದೆ.

ಈ ವಾರವೆಲ್ಲ ರೋಗದ ಇಲಿಯ ತಟ್ಟೆಗೇ ಹೋಯಿತು. ಕಾಯಿಸಿ ಕೊಂದ ಮೈಕೋಬ್ಯಾಕ್ಟೀರಿಯಾಗಳನ್ನು (ಕ್ಷಯರೋಗಾಣುವಿನ ಕುಲದವು) ಎಣ್ಣೆಯಲ್ಲಿ ಬೆರೆಸಿದ, ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವ ಫ್ರಾಯಿಂಡ್ ಅಡ್ಜುವೆಂಟನ್ನು ಚುಚ್ಚಿದರೆ ಸುಮಾರು ಎರಡು ವಾರಗಳಲ್ಲಿ ಇಲಿಯ ಕೀಲುಗಳು ಊದಿಕೊಳ್ಳುತ್ತವೆ. ಲಯ ಸಪಾಟಾಗುತ್ತದೆ ಎಂದು ಓದಿದೊಡನೆ ನಾನು ಸಂಜೆಯ ಶಿಖರವನ್ನು ಕತ್ತರಿಸಿಬಿಟ್ಟಿದ್ದೆ. ಆದರೆ ಅಲ್ಲಿ ಹಾರ್ಮೋನ್ ಬತ್ತುವುದಿಲ್ಲ, ಬೆಳಗಿನ ತಗ್ಗು ತುಂಬಿಕೊಂಡು ಏರಿಳಿತ ಅಳಿಸಿಹೋಗುತ್ತದೆ. ಆರೋಗ್ಯವಂತ ಇಲಿಯಲ್ಲಿ ಹೆಚ್ಚುಕಡಿಮೆ ಗಂಟೆಗೊಂದರಂತೆ ಬರುವ ಮಿಡಿತಗಳೂ ದಟ್ಟವಾಗುತ್ತವೆ. ಅವನ್ನು ತೋರಿಸಲು ಅಂಚಿನುದ್ದಕ್ಕೂ ದಾರದ ಗಂಟುಗಳನ್ನು ಹೊಲಿದೆ.

ನನ್ನನ್ನು ಹೆಚ್ಚು ಕಾಡಿದ್ದು ಮಿದುಳಿನ ಭಾಗ. ರಕ್ತದಲ್ಲಿ ಹಾರ್ಮೋನ್ ಹೆಚ್ಚಿದ್ದರೆ ಮಿದುಳಿನ ತಳದಿಂದ ಅದನ್ನು ಪ್ರಚೋದಿಸುವ ಹೈಪೊಥಲಾಮಸ್‌ನ ಸಂಕೇತ-ಹಾರ್ಮೋನ್ ಸಿಆರ್‌ಎಚ್ ಕೂಡ ಹೆಚ್ಚಿರಬೇಕೆಂದು ಯಾರಿಗಾದರೂ ತೋಚೀತು. ಆದರೆ ಈ ಇಲಿಗಳಲ್ಲಿ ಸಿಆರ್‌ಎಚ್‌ನ ಎಂಆರ್‌ಎನ್‌ಎ (ಅದನ್ನು ತಯಾರಿಸಲು ಜೀನಿನಿಂದ ಬರುವ ಸಂದೇಶ) ಇಳಿಯುವುದನ್ನು 1992ರಲ್ಲಿ ಸಂಶೋಧಕರಾದ ಹಾರ್ಬಜ್, ಲೈಟ್‌ಮನ್ ಮತ್ತು ಸಂಗಡಿಗರು ವರದಿ ಮಾಡಿದರು. ಆ ಜಾಗದಲ್ಲಿ ವಾಸೊಪ್ರೆಸಿನ್ ಎಂಬ ಇನ್ನೊಂದು ಹಾರ್ಮೋನ್ ಮುಂದೆ ಬರುವುದೂ ಆಮೇಲೆ ಕಂಡಿತು. ಹಾಗಾಗಿ ನಡುವಿನ ಪುಟ್ಟ ತಟ್ಟೆಯಲ್ಲಿ ಸಿಆರ್‌ಎಚ್‌ನ ಕೆಂಪು ಬಾಣವನ್ನು ಕಿರಿದಾಗಿಸಿ ವಾಸೊಪ್ರೆಸಿನ್‌ನ ನೀಲಿಯದನ್ನು ದಪ್ಪಗೆ ಬರೆದಿದ್ದೇನೆ.

ಆಮವಾತವಿರುವ ಅಮ್ಮ ಇದನ್ನೆಲ್ಲ ನೋಡಿ, ‘ಇಲಿಗೂ ನನ್ನ ಹಾಗೇ ಬೆಳಿಗ್ಗೆ ಬೆರಳು ಮಡಚಕ್ಕೆ ಆಗಲ್ವಾ ಮಾರಾಯ?’ ಎಂದು ಕೇಳಿದರು. ಅವರಿಗಾಗಿ ಮೂರನೆಯ ತಟ್ಟೆಯೊಂದು ಬೇಕಾಯಿತು, ಆದರೆ ಇಲಿಯ ಗೆರೆಯನ್ನು ಅದಕ್ಕೆ ನಕಲು ಮಾಡುವಂತಿಲ್ಲ: ರೋಗ ತೀವ್ರವಲ್ಲದಿದ್ದರೆ ಮನುಷ್ಯರಲ್ಲಿ ಕಾರ್ಟಿಸೋಲ್‌ನ ಏರಿಳಿತ ಬಹುಮಟ್ಟಿಗೆ ಉಳಿದಿರುತ್ತದೆ, ಉರಿಯೂತದ ಸಂದೇಶ ಒಯ್ಯುವ ಪ್ರೋಟೀನಾದ ಇಂಟರ್‌ಲ್ಯೂಕಿನ್-6 ಮಾತ್ರ ಬೆಳಗಿನ ಜಾವ ಹೆಚ್ಚುತ್ತದೆ. ಆ ತಟ್ಟೆಗೆ ಸದ್ಯ ಗಂಟೆಗಳನ್ನಷ್ಟೇ ಬರೆದಿದ್ದೇನೆ. ಗೆರೆ ಮುಂದಿನ ವಾರ.